ಬಾಗಿಲತ್ತೆಯ ಒಂದೇ ಬಾಗಿಲು

ಬಾಗಿಲು ಧಡಾರನೆ ಹಾಕಿಕೊಂಡು ಒಳಗೆ ಹೋಗುವುದು ನಮ್ಮ ಓಣಿಯಲ್ಲಿ ಜಗಳ ಮುಗಿಸುವ ರೀತಿ. ಹಾಗೆ ಹಾಕಿದ ಬಾಗಿಲು ಮಾರನೆಯ ದಿನ ಹೊಸ್ತಿಲಿಗೆ ಉಜ್ಜತೊಡಗಿದರೆ ನಮ್ಮತ್ತೆಗೆ ಕರೆ ಬರುತ್ತದೆ. ಅವಳು ಚೀಲ ಹೆಗಲಿಗೇರಿಸಿಕೊಂಡು ಹೋಗಿ, ಬಾಗಿಲನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚಿ, "ಯಾರ ಮೇಲೆ ಸಿಟ್ಟು, ಗಂಡನ ಮೇಲೋ ಅತ್ತೆ ಮೇಲೋ? ಗಂಡನ ಮೇಲಾದ್ರೆ ಪಕ್ಕದಲ್ಲಿ ಉಜ್ಜುತ್ತೆ, ಅತ್ತೆ ಮೇಲಾದ್ರೆ ಕೆಳಗಡೆ" ಎನ್ನುತ್ತಾಳೆ. ಇದು ಶುದ್ಧ ಸುಳ್ಳು. ಆದರೆ ಮನೆಯವರು ನಗುತ್ತಾರೆ. ಅವರು ನಗುವಷ್ಟರಲ್ಲಿ ಅವಳ ಉಜ್ಜುಗೊರಡು ಮರವನ್ನು ಹೆರೆದು ತೆಳ್ಳನೆಯ ಸುರುಳಿಗಳನ್ನು ಹೊಸ್ತಿಲ ಮೇಲೆ ಉದುರಿಸುತ್ತಿರುತ್ತದೆ.

ಅಪ್ಪನ ಅಕ್ಕ ಅವಳು. ನನಗೆ ಅತ್ತೆ, ಓಣಿಗೆಲ್ಲ ಬಾಗಿಲತ್ತೆ. ನಮ್ಮಜ್ಜ ಬಡಗಿ. ಅವನಿಗಿದ್ದ ಇಬ್ಬರು ಮಕ್ಕಳಲ್ಲಿ ನಮ್ಮಪ್ಪ ಮರ ಕಂಡರೆ ದನ ಕಟ್ಟಲು ಗೂಟವಾಗುತ್ತದೆ ಎಂದಷ್ಟೇ ಯೋಚಿಸುವವನು. ಹಾಗಾಗಿ ಉಳಿ, ಗರಗಸ, ಕೊಡತಿ ಎಲ್ಲವೂ ಅತ್ತೆಯ ಪಾಲಾದವು, ದನಗಳು ಅಪ್ಪನ ಪಾಲಾಗಿ ಈಗ ನನ್ನ ಕೊರಳಿಗೆ ಬಿದ್ದಿವೆ. ಅತ್ತೆ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಅಳತೆಗೆ ಸರಿಯಾದವನು ಸಿಗಲಿಲ್ಲ, ಹೆರೆದು ಸರಿ ಮಾಡೋಷ್ಟು ತಾಳ್ಮೆ ನನಗಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ದುಃಖದಿಂದ ಹೇಳುತ್ತಿದ್ದಳು ಎಂದು ಯಾರಾದರೂ ಅಂದುಕೊಂಡರೆ ಅವರು ಅತ್ತೆಯನ್ನು ನೋಡಿಲ್ಲ ಎಂದೇ ಅರ್ಥ. ಅವಳಷ್ಟು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿದವರನ್ನು ನಾನು ಕಂಡಿಲ್ಲ.

ಅವಳಿಗೆ ಇದ್ದದ್ದು ಒಂದೇ ಕೊರಗು. ಜೀವಮಾನವೆಲ್ಲ ಬಾಗಿಲುಗಳ ಜೊತೆ ಕಳೆದವಳು, ಒಂದೇ ಒಂದು ಹೊಸ ಬಾಗಿಲು ಮಾಡಿರಲಿಲ್ಲ.

ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ನಮ್ಮ ಓಣಿಯನ್ನು ನೋಡಬೇಕು. ಎರಡೂ ಬದಿಗೆ ಕಲ್ಲಿನ ಹಳೆಯ ಮನೆಗಳು, ಒಂದೊಂದರ ಬೆನ್ನಿಗೂ ಒಂದು ಕೊಟ್ಟಿಗೆ. ಮೇಲ್ತುದಿಯಲ್ಲಿ ನೀರಿನಿಂದ ತಿರುಗುವ ಗಿರಣಿ, ಕೆಳತುದಿಯಲ್ಲಿ ಎಲ್ಲರಿಗೂ ಸೇರಿದ ಕಣ. ಕಣದ ಅಂಚಿನಲ್ಲಿ ಕಲ್ಲುಕಂಬಗಳ ಮೇಲೆ ನೆಲದಿಂದ ಎತ್ತರಕ್ಕೆ ನಿಂತ ಕಣಜ. ಬಿತ್ತನೆ ಬೀಜವನ್ನು ಇಡೀ ಓಣಿ ಅಲ್ಲಿ ಒಟ್ಟಿಗೆ ಇಡುತ್ತದೆ. ಮನೆ ಕಟ್ಟಿಸಿದ ಹಿರಿಯರು ತಂತಮ್ಮ ಎತ್ತರಕ್ಕೆ, ತಂತಮ್ಮ ಹೊಟ್ಟೆಯ ಸುತ್ತಳತೆಗೆ ತಕ್ಕಂತೆ ಬಾಗಿಲು ಇಡಿಸಿದ್ದರು. ಗಿರಣಿ ಮನೆಯವರು ವಂಶದಿಂದಲೇ ಲಂಬೂಗಳು, ಅವರ ಚೌಕಟ್ಟಿನಲ್ಲಿ ಕುದುರೆ ಮೇಲೆ ಕೂತೇ ಒಳಗೆ ಹೋಗಬಹುದು. ಕುರಿ ಸಾಕುವ ಮನೆಯವರು ಗಿಡ್ಡರು, ಅಲ್ಲಿಗೆ ಹೋಗುವ ನೆಂಟರಿಗೆಲ್ಲ ಹಣೆಯಲ್ಲಿ ಬುಗುಟು.

ಬಾಗಿಲುಗಳಿಗೆ ಕಬ್ಬಿಣದ ತಿರುಗಣಿಗಳಿಲ್ಲ. ಹಲಗೆಯ ಒಂದು ಅಂಚಿಗೆ ಮೇಲೊಂದು ಕೆಳಗೊಂದು ಮರದ ಗೂಟ. ಕೆಳಗಿನದು ಹೊಸ್ತಿಲ ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತದೆ. ಇಬ್ಬರು ಹಿಡಿದು ಎತ್ತಿದರೆ ಬಾಗಿಲು ಕೈಗೆ ಬರುತ್ತದೆ. ಹೀಗೆ ಮಾಡಿದ್ದಕ್ಕೆ ಕಾರಣವಿದೆ. ಸುಗ್ಗಿ ಮುಗಿದು ಬೀಜ ಒಣಗಿಸುವ ವಾರ ಬಂದರೆ ಓಣಿಯ ಬಾಗಿಲುಗಳೆಲ್ಲ ಕಣಕ್ಕೆ ಹೋಗಿ ಕಲ್ಲುಗಳ ಮೇಲೆ ಅಂಗಾತ ಮಲಗುತ್ತವೆ. ಬಿತ್ತನೆ ಬೀಜ ಒಣಗುವುದು ಅವುಗಳ ಮೇಲೆ. ನೆಲದಲ್ಲಿ ತೇವ, ಟಾರ್ಪಾಲು ಹಾಸಿದರೆ ಬೆವರುತ್ತದೆ, ಹಳೆಯ ದಪ್ಪ ಹಲಗೆ ಮಾತ್ರ ಬೀಜವನ್ನು ನಿಧಾನವಾಗಿ, ಸಮನಾಗಿ ಒಣಗಿಸುತ್ತದೆ ಎಂದು ನಮ್ಮವರ ನಂಬಿಕೆ. ಸಂಜೆ ಬಾಗಿಲುಗಳು ಮನೆಗೆ ಬರುತ್ತವೆ, ಬೆಳಿಗ್ಗೆ ಮತ್ತೆ ಕಣಕ್ಕೆ. ಆ ವಾರವೆಲ್ಲ ಹಗಲಿನಲ್ಲಿ ಓಣಿಯ ಒಂದು ಮನೆಗೂ ಬಾಗಿಲಿಲ್ಲ. ಕೋಳಿಗಳು ಯಾರ ಅಡುಗೆಮನೆಗೆ ಬೇಕಾದರೂ ಹೋಗುತ್ತವೆ, ಮಕ್ಕಳು ಎಲ್ಲಿ ಘಮ ಬಂತೋ ಅಲ್ಲಿ ಉಣ್ಣುತ್ತಾರೆ. ಜಗಳವಂತೂ ಇಲ್ಲವೇ ಇಲ್ಲ, ಧಡಾರೆನ್ನಿಸಲು ಬಾಗಿಲೇ ಇಲ್ಲವಲ್ಲ! ನನ್ನನ್ನು ಕೇಳಿದರೆ ವರ್ಷದಲ್ಲಿ ಅದರಷ್ಟು ಒಳ್ಳೆಯ ವಾರ ಇನ್ನೊಂದಿಲ್ಲ.

ನನ್ನ ಮುತ್ತಜ್ಜನ ಕಾಲದಲ್ಲಿ ಅಂಥದೇ ಒಂದು ದಿನ ಮಧ್ಯಾಹ್ನ ಹೇಳದೆ ಕೇಳದೆ ಮಳೆ ಹೊಡೆಯಿತಂತೆ. ಬೀಜ ಬಾಚಿಕೊಂಡು, ಕೈಗೆ ಸಿಕ್ಕ ಬಾಗಿಲು ಹೊತ್ತುಕೊಂಡು, ಎಲ್ಲರೂ ಕಂಡ ಕಂಡ ಕಡೆ ಓಡಿದರು. ಮಳೆ ಬಹಳ ದಿನ ಬಿಡಲಿಲ್ಲ. ಅಷ್ಟರಲ್ಲಿ, ತಾನೂ ಬಡಗಿಯಾಗಿದ್ದ ಮುತ್ತಜ್ಜ ಮನೆಮನೆಗೆ ಹೋಗಿ, ಬಂದ ಬಾಗಿಲನ್ನು ಬಂದ ಮನೆಗೇ ಹೊಂದಿಸಿಕೊಟ್ಟ. ಅವನದೊಂದು ನಿಯಮ, ಇನ್ನೊಬ್ಬರ ಬಾಗಿಲನ್ನು ಕುಯ್ಯಬಾರದು. ಚಿಕ್ಕದಾದರೆ ಅಂಚಿಗೆ ಮರದ ಪಟ್ಟಿ ಹೊಡೆದ. ದೊಡ್ಡದಾದರೆ ಚೌಕಟ್ಟಿನ ಹೊರಗೆ ನಿಲ್ಲಿಸಿ ಹೊಸ್ತಿಲಿನಲ್ಲಿ ಇನ್ನೊಂದು ಕುಳಿ ತೋಡಿದ. ನಾಳೆ ಬೇಕೆಂದಾಗ ಅವರವರ ಬಾಗಿಲು ಅವರವರಿಗೆ ಹೋಗಲಿ ಎಂದು.

ಆ ನಾಳೆ ಬರಲೇ ಇಲ್ಲ. ಒಳ್ಳೆಯ ಬಾಗಿಲು ಬಂದವರು ಬಾಯಿಗೆ ಬೀಗ ಹಾಕಿಕೊಂಡರು. ಕೆಟ್ಟದ್ದು ಬಂದವರಿಗೆ ಕೇಳಲು ಅಭಿಮಾನ ಅಡ್ಡ ಬಂತು. "ನಮ್ಮನೆ ಬಾಗಿಲು ಕೊಡಿ ಅಂತ ಹೋಗಿ ಬಾಗಿಲು ತಟ್ಟಬೇಕು. ತಟ್ಟೋದೂ ನಮ್ಮ ಬಾಗಿಲನ್ನೇ! ಮಾನ ಉಳಿಯುತ್ತಾ?" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಗಿರಣಿ ಮನೆಯ ಎತ್ತರದ ಬಾಗಿಲು ಕುರಿ ಮನೆಯಲ್ಲಿ ಉಳಿಯಿತು, ಕುರಿ ಮನೆಯ ಗಿಡ್ಡ ಬಾಗಿಲು, ಕೆಳಗೆ ಕುರಿಮರಿ ನುಸುಳುವ ಕಿಂಡಿಯ ಸಮೇತ, ಗಿರಣಿ ಮನೆಯಲ್ಲಿ ಉಳಿಯಿತು. ಎಲ್ಲರ ಬಾಗಿಲೂ ಹಾಗೇ. ಲೆಕ್ಕದಲ್ಲಿ ಒಂದು ಬಾಗಿಲು ಕಡಿಮೆ ಬಿದ್ದು ಕಣಜಕ್ಕೆ ಬಾಗಿಲೇ ಇಲ್ಲದಂತಾಗಿ, ಅಂದಿನ ಗಿರಣಿಯವನು ತನ್ನ ಮುರುಕಲು ಎತ್ತಿನ ಗಾಡಿಯ ತಳದ ಹಲಗೆಯನ್ನು ತಂದು ಅಲ್ಲಿಗೆ ಒರಗಿಸಿದ. ತಲೆಮಾರುಗಳು ಕಳೆದರೂ ಅದು ಹಾಗೇ ಒರಗಿಕೊಂಡಿತ್ತು.

ಹೀಗಾಗಿ ಅತ್ತೆಯ ಕಸುಬೆಂದರೆ ಪಟ್ಟಿ ಹೆರೆಯುವುದು, ಪಟ್ಟಿ ಬದಲಿಸುವುದು, ಗೂಟಕ್ಕೆ ಎಣ್ಣೆ ಬಿಡುವುದು. ಹಳೆಯ ಮರ, ಕಬ್ಬಿಣದಂಥದ್ದು. ಒಂದು ಬಾಗಿಲೂ ಕೆಡುವುದಿಲ್ಲ. ಒಮ್ಮೆ ಒಂದು ಕೊಟ್ಟಿಗೆಗೆ ಬೆಂಕಿ ಬಿತ್ತು, ಸೂರು ಹೋಯಿತು, ಹುಲ್ಲು ಹೋಯಿತು, ಬಾಗಿಲು ಮಾತ್ರ ಸ್ವಲ್ಪ ಕಪ್ಪಾಗಿ ಅಲ್ಲೇ ನಿಂತಿತ್ತು. ನೋಡಲು ಓಡಿ ಹೋದ ಅತ್ತೆ "ದೇವರು ದೊಡ್ಡೋನು, ಹಸುಗಳೆಲ್ಲ ಉಳಿದ್ವು" ಎಂದಳು. ಆಮೇಲೆ ಬಾಗಿಲನ್ನು ಬೆರಳಿನಿಂದ ಕುಟ್ಟಿ ನೋಡಿ ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಯಾಕೆಂದು ನನಗೆ ಗೊತ್ತಿತ್ತು.

ಅವಳ ಹಾಸಿಗೆಯ ಕೆಳಗೆ ಮಂಚವಿಲ್ಲ. ನಾಲ್ಕು ಕಲ್ಲಿನ ಮೇಲೆ ಜೋಡಿಸಿದ ತೇಗದ ಹಲಗೆಗಳಿವೆ, ಅಲ್ಲ, ಇದ್ದವು. ಅವಳು ಉಳಿ ಹಿಡಿದ ವರ್ಷ ಹಿತ್ತಲಿನ ತೇಗ ಗಾಳಿಗೆ ಬಿತ್ತು. ಅಜ್ಜ ಅದನ್ನು ಕುಯ್ಯಿಸಿ, "ಇದು ನಿನ್ನ ಮೊದಲ ಬಾಗಿಲಿಗೆ. ಒಣಗ್ಲಿ" ಎಂದು ಕೊಟ್ಟಿದ್ದ. ಒಣಗಿತು, ಒಣಗಿತು, ಅತ್ತೆಯ ತಲೆಗೂದಲು ಬೆಳ್ಳಗಾಗುವವರೆಗೂ ಒಣಗಿತು. ಅಜ್ಜ ಹೋದ. ಅತ್ತೆ ಆ ಹಲಗೆಗಳ ಮೇಲೆ ಮಲಗಿ ಎದ್ದಳು. ಈಚೆಗೆ ಅವಳ ಬಲಗೈ ಹೆಬ್ಬೆರಳು ಬೆಳಗಿನ ಹೊತ್ತು ಮಡಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ, ತಿಕ್ಕಿ, ಬೈದು ಅದನ್ನು ಕೆಲಸಕ್ಕೆ ಎಬ್ಬಿಸಬೇಕಿತ್ತು.

"ಇನ್ನೊಂದೆರಡು ವರ್ಷ ಕಣೇ," ಎಂದಳು ಒಂದು ದಿನ ನನ್ನ ಕೊಟ್ಟಿಗೆಯ ಕಟ್ಟೆ ಮೇಲೆ ಕೂತು. "ಆಮೇಲೆ ಈ ಕೈ ಉಳಿ ಹಿಡಿಯಲ್ಲ. ಹಲಗೇನ ನಿನ್ನ ಹಸುಗಳಿಗೆ ಬಾನಿ ಮಾಡ್ಸ್ಕೋ."

"ಕಣಜಕ್ಕೆ ಮಾಡ್ಬಾರ್ದಾ ಅತ್ತೆ?"

"ನಾನು ಮಾಡಲ್ಲ ಅಂದ್ನಾ? ಗಿರಣಿಯಣ್ಣನ್ನ ಕೇಳು."

ಗಿರಣಿಯಣ್ಣ ಎಂದರೆ ಈಗಿನ ಗಿರಣಿಯ ಯಜಮಾನ, ನನಗೆ ಗಿರಣಿ ದೊಡ್ಡಪ್ಪ. ಕಣ, ಕಣಜದ ಉಸ್ತುವಾರಿ ಅವನದೇ. ಸೊಂಟ ಬಗ್ಗಿದರೂ ನಮ್ಮೆಲ್ಲರಿಗಿಂತ ಎತ್ತರ. ಮೈಮೇಲೆ ಸದಾ ಹಿಟ್ಟು. ಗಿರಣಿಯ ಮುಂದಿನ ಹಳೆಯ ಮರದ ಬೆಂಚಿನ ಮೇಲೆ ಕೂತು ದಾರಿಹೋಕರಿಗೆಲ್ಲ ಒಂದೊಂದು ಮಾತು ಎಸೆಯುವುದು ಅವನ ಎರಡನೇ ಕಸುಬು. ಅತ್ತೆ ಪ್ರತಿ ವರ್ಷ ಹೋಗಿ ಕೇಳುತ್ತಿದ್ದಳು, ಅವನು ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತಿದ್ದ.

"ಗಾಡಿ ಹಲಗೆ ಇದೆಯಲ್ಲ ತಂಗಿ. ಅದಕ್ಕೊಂದು ಪಟ್ಟಿ ಹೊಡಿ, ಸಾಕು."

"ಪಟ್ಟಿ ಹೊಡೆದೂ ಹೊಡೆದೂ ನನ್ನ ಆಯಸ್ಸು ಮುಗೀತು. ಒಂದು ಬಾಗಿಲು ಮಾಡ್ತೀನಿ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಇರೋದನ್ನ ಬಿಸಾಕಿ ಹೊಸದು ಮಾಡೋದು ನಮ್ಮ ಓಣಿ ಕಾನೂನಲ್ಲ."

ಜಿಪುಣತನವೂ ಅಲ್ಲ, ಕೇಡಿಗತನವೂ ಅಲ್ಲ. ಅವನಿಗೆ ಅದು ತಮಾಷೆ. ಅತ್ತೆ ಸಿಟ್ಟಾದಾಗ ಮೂಗಿನ ತುದಿ ಕೆಂಪಾಗುವುದು ಅವನಿಗೆ ಚಿಕ್ಕಂದಿನಿಂದಲೂ ಇಷ್ಟ. ಅವಳಿಗೆ ಅದು ತಮಾಷೆಯಲ್ಲ ಎಂಬುದು ಆ ಉದ್ದನೆಯ ದೇಹದ ಮೇಲಿದ್ದ ತಲೆಗೆ ಹೊಳೆದಿರಲಿಲ್ಲ.

ಹೀಗಿರುವಾಗ ಹಳೆಯ ಕಟ್ಟಡಗಳ ಇಲಾಖೆಯಿಂದ ಒಬ್ಬ ಮೇಡಂ ಬಂದರು. ಒಳ್ಳೆಯವರು. ಬಂದ ಕೂಡಲೇ ಕುರಿ ಮನೆಯ ಚೌಕಟ್ಟಿಗೆ ಹಣೆ ಚಚ್ಚಿಸಿಕೊಂಡು, ನಕ್ಕು, ಬುಗುಟು ತಿಕ್ಕಿಕೊಳ್ಳುತ್ತಲೇ ಟೇಪು ಹಿಡಿದು ಅಳೆಯಲು ಶುರುಮಾಡಿದರು. ಓಣಿಯನ್ನು ರಕ್ಷಿತ ಜಾಗ ಎಂದು ಘೋಷಿಸಿದರೆ ಕಣಜದ ಸೋರುವ ಸೂರು, ಗಿರಣಿಯ ಬಿರುಕು ಬಿಟ್ಟ ಗೋಡೆ ಎಲ್ಲವನ್ನೂ ಇಲಾಖೆಯೇ ಸರಿಮಾಡಿಸುತ್ತದಂತೆ. ಎಲ್ಲರೂ ಕಣದಲ್ಲಿ ಸೇರಿದಾಗ ಅವರು ಕೇಳಿದರು, "ಎಲ್ಲಾ ಚೆನ್ನಾಗಿದೆ. ಒಂದೇ ಅರ್ಥ ಆಗ್ಲಿಲ್ಲ. ಇಷ್ಟು ಚೆಂದದ ಮನೆಗಳಲ್ಲಿ ಒಂದು ಬಾಗಿಲೂ ಯಾಕೆ ಅದರ ಚೌಕಟ್ಟಿಗೆ ಸರಿಯಾಗಿಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಪ್ರತಿಯೊಬ್ಬರೂ ತಂತಮ್ಮ ಮನೆಯ ಕಡೆ ತಿರುಗಿ ನೋಡಿದರು. ಕೊನೆಗೆ ಕುರಿಯಕ್ಕನೇ ಬಾಯಿ ಬಿಟ್ಟಳು. ಕುರಿ ಮನೆಯ ಒಡತಿ ಅವಳು, ಗುಟ್ಟು ಇಟ್ಟುಕೊಂಡರೆ ಅಜೀರ್ಣವಾಗುವ ಜಾತಿ. "ನಮ್ಮದು ಗಿರಣಿಯವರದ್ದು ಮೇಡಂ. ಅವರದ್ದು ನಮ್ಮದು. ಎಲ್ಲಾ ಮಳೆ ಮಾಡಿದ ಕೆಲಸ."

ಅಷ್ಟು ತಲೆಮಾರು ಯಾರೂ ಆಡದ ಮಾತು ಹೊರಬಿದ್ದ ಮೇಲೆ ತಡೆಯುವವರು ಯಾರು? "ನಮ್ಮದು ಅಲ್ಲಿದೆ," "ನಿಮ್ಮದು ಇಲ್ಲಿದೆ" ಎಂದು ಗದ್ದಲವೋ ಗದ್ದಲ. ಮೇಡಂ ಕಟ್ಟಡಗಳು ಮೂಲ ರೂಪದಲ್ಲಿದ್ದರೆ ಮಂಜೂರಾತಿ ಸುಲಭ ಎಂದರು. ಮುಂದಿನ ತಿಂಗಳು ಮತ್ತೆ ಬರುತ್ತೇನೆ, ಅಷ್ಟರಲ್ಲಿ ನೋಡಿ ಎಂದು ಹೊರಟರು. ಬಾಗಿಲುಗಳು ತಂತಮ್ಮ ಮನೆಗೆ ಹೋಗಲಿ ಎಂದು ಅಲ್ಲೇ ತೀರ್ಮಾನವಾಯಿತು.

ಅತ್ತೆ ಅಂದು ಮನೆಗೆ ನಡೆದು ಬರಲಿಲ್ಲ, ಹಾರಿ ಬಂದಳು. ನನ್ನ ಕೈ ಹಿಡಿದು ಕೊಟ್ಟಿಗೆಯ ಮೂಲೆಗೆ ಎಳೆದೊಯ್ದು ಹೇಳಿದಳು, "ಲೆಕ್ಕ ಹಾಕು. ಎಲ್ಲಾ ಬಾಗಿಲೂ ಅದರದರ ಮನೆಗೆ ಹೋದ್ರೆ ಒಂದು ಚೌಕಟ್ಟು ಖಾಲಿ ಉಳೀಲೇಬೇಕು. ಗಾಡಿ ಹಲಗೆ ಮೂಲ ರೂಪ ಅಂತ ಆ ಮೇಡಂ ಒಪ್ತಾರಾ? ಒಪ್ಪಲ್ಲ. ಕಣಜಕ್ಕೆ ಬಾಗಿಲು ಬೇಕೇ ಬೇಕು. ಮಾಡೋರ್ಯಾರು?"

"ನೀನೇ, ಮತ್ತ್ಯಾರು!"

ಅವಳು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ನನ್ನ ಕರು ಬೆಚ್ಚಿ ಗೂಟ ಕಿತ್ತುಕೊಂಡಿತು.

ಬಾಗಿಲು ತಿರುಗಿಸಿ ಕೊಡುವ ದಿನ ಓಣಿಯಲ್ಲಿ ಯಾರೂ ಹೊಲಕ್ಕೆ ಹೋಗಲಿಲ್ಲ. ಮೊದಲು ಹೊಸ್ತಿಲುಗಳ ಹಳೆಯ ಕುಳಿಗಳಲ್ಲಿ ತುಂಬಿದ್ದ ಮಣ್ಣನ್ನು ಕೆದಕಿದೆವು. ಒಂದರಲ್ಲಿ ಯಾರದೋ ಮಗುವಿನ ಬಳೆ ಸಿಕ್ಕಿತು. ಆಮೇಲೆ ಅತ್ತೆ ಪಟ್ಟಿಗಳನ್ನು ಬಿಚ್ಚುತ್ತ ಹೋದಳು, ನಾವು ಬಾಗಿಲು ಹೊತ್ತೆವು. ಕೆಲವದರ ವಿಳಾಸ ಗೊತ್ತಿತ್ತು, ಕೆಲವನ್ನು ಹೆಣ್ಣಿಗೆ ಗಂಡು ಹುಡುಕಿದ ಹಾಗೆ ಮನೆಮನೆಗೆ ಹೊತ್ತು ತಿರುಗಿದೆವು. "ಸ್ವಲ್ಪ ಉದ್ದ ಆಯ್ತು," "ಸ್ವಲ್ಪ ಅಗಲ ಕಮ್ಮಿ," "ಬಣ್ಣ ಪರವಾಗಿಲ್ಲ" ಎಂದು ಹೆಂಗಸರು ಎದುರು ನಿಂತು ತೀರ್ಪು ಕೊಡುತ್ತಿದ್ದರು. ಸರಿಯಾದದ್ದು ಕುಳಿಗೆ ಕೂತಾಗ ಮಾತ್ರ ಯಾರೂ ಹೇಳಬೇಕಿರಲಿಲ್ಲ. ಗೂಟ ಕಲ್ಲಿಗಿಳಿದು, ಹಲಗೆ ಒಂದು ಎಳೆಯೂ ತಾಗದೆ ಚೌಕಟ್ಟಿನೊಳಗೆ ಹೋಗಿ ನಿಲ್ಲುತ್ತಿತ್ತು. ಆಗೆಲ್ಲ ಅತ್ತೆಯ ಮುಖದಲ್ಲಿ ಬೆಳಕು. ಕೊನೆಗೆ ಅವಳ ಮನೆಯ ಬಾಗಿಲೊಂದೇ ಉಳಿಯಿತು. ಅದು ಅಗಲವಾದ, ದಪ್ಪನೆಯ, ಚೌಕಟ್ಟಿನ ಹೊರಗೆ ನಿಲ್ಲಿಸಿದ್ದ ಬಾಗಿಲು. ಯಾವ ಮನೆಗೂ ಹೊಂದಲಿಲ್ಲ.

"ಕಣಜಕ್ಕೆ ಹಿಡಿದು ನೋಡಿ," ಎಂದು ಯಾರೋ ಅಂದರು.

ಹಿಡಿದೆವು. ಗಾಡಿ ಹಲಗೆಯನ್ನು ಪಕ್ಕಕ್ಕೆಸೆದು, ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಬಾಗಿಲನ್ನು ಎತ್ತಿ ಇಳಿಸಿದೆವು. ಕೂತಿತು. ಅಚ್ಚಿಗೆ ಹೊಯ್ದಂತೆ ಕೂತಿತು.

ಜನ ಹೋ ಎಂದರು. ನಾನು ಅತ್ತೆಯ ಮುಖ ನೋಡಿದೆ. ಒಂದು ಕ್ಷಣ ಅದು ಇಳಿದುಹೋಯಿತು, ಮರುಕ್ಷಣ ಅರಳಿತು. "ಹಾಗಾದ್ರೆ ಖಾಲಿ ಇರೋದು ನನ್ನ ಮನೆ!" ಎಂದಳು ಜೋರಾಗಿ. "ನನ್ನ ಮನೆಗೆ ನಾನೇ ಮಾಡ್ಕೋತೀನಿ. ಯಾರಪ್ಪಣೆ ಬೇಕು?"

ಆಗ ಗಿರಣಿ ದೊಡ್ಡಪ್ಪ ಗುಂಪಿನ ಹಿಂದಿನಿಂದ ಕೆಮ್ಮಿದ. "ತಂಗಿ, ಒಂದು ನಿಮಿಷ" ಎಂದು ಗಿರಣಿಯ ಕಡೆ ಹೋದ. ಬರುವಾಗ ತನ್ನ ಬೆಂಚಿನ ಮೇಲ್ಹಲಗೆಯನ್ನು ತಲೆಯ ಮೇಲೆ ಹೊತ್ತು ತಂದ. ತಿರುಗಿಸಿ ತೋರಿಸಿದ. ಅಡಿಯಲ್ಲಿ, ಒಂದು ಅಂಚಿಗೆ, ಎರಡು ಸವೆದ ಗೂಟಗಳು.

"ಮಳೆ ದಿನ ನಮ್ಮ ತಾತ ಇದನ್ನ ಕಾಲುವೆ ದಾಟೋಕೆ ಸೇತುವೆ ಹಾಕ್ಕೊಂಡಿದ್ನಂತೆ. ಆಮೇಲೆ ಬೆಂಚಾಯ್ತು. ಹುಟ್ಟಿದಾಗಿಂದ ಇದರ ಮೇಲೇ ಕೂತಿದ್ದೀನಿ, ಬಾಗಿಲು ಅಂತ ಇವತ್ತು ಬಗ್ಗಿ ನೋಡಿದಾಗ್ಲೇ ಗೊತ್ತಾಗಿದ್ದು. ನಿನ್ನ ಸ್ವತ್ತು, ನಿನಗೆ ಸೇರಲಿ."

ಬಾಯಿ ಮುಚ್ಚಿಕೊಂಡು ಇರಬಹುದಿತ್ತು ಪುಣ್ಯಾತ್ಮ. ಪ್ರಾಮಾಣಿಕತೆ ಎಂಬ ರೋಗ ಎಂದೋ ಒಮ್ಮೆ ಬಡಿಯುತ್ತದೆ, ಬಡಿದರೆ ಸರಿಯಾಗಿ ಬೇಡದ ದಿನವೇ ಬಡಿಯುತ್ತದೆ. ಬೆಂಚನ್ನು ಅತ್ತೆಯ ಮನೆಗೆ ಹಿಡಿದರು. ಕೂತಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತೆ ಉಳಿಯನ್ನು ಸೆರಗಿನಿಂದ ಒರೆಸಿ ಚೀಲದಲ್ಲಿಟ್ಟುಕೊಂಡು, ಆ ಬಾಗಿಲನ್ನು ತೆರೆದು ಒಳಗೆ ಹೋಗಿ ಮೆಲ್ಲಗೆ ಮುಚ್ಚಿಕೊಂಡಳು. ಧಡಾರೆಂದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ದೊಡ್ಡಪ್ಪ ಅಲ್ಲೇ ನಿಂತಿದ್ದ. ಒಳಗೆ ಹೋಗುವಾಗ ಅವಳ ಮೂಗಿನ ತುದಿ ಕೆಂಪಾಗಿರಲಿಲ್ಲ, ಕಣ್ಣು ಕೆಂಪಾಗಿತ್ತು. ಅವನು ಅದನ್ನು ನೋಡಿದ್ದ.

"ಏನಾಯ್ತೇ ಅವಳಿಗೆ?" ಎಂದು ನನ್ನನ್ನು ಕೇಳಿದ.

"ಅವಳ ಹಾಸಿಗೆ ಕೆಳಗೆ ಏನಿದೆ ಅಂತ ಗೊತ್ತಾ ದೊಡ್ಡಪ್ಪ?" ಎಂದು ನಾನು ಹೇಳಿಯೇಬಿಟ್ಟೆ. ಅಜ್ಜ ಕೊಟ್ಟ ಹಲಗೆ, ಮಡಚದ ಹೆಬ್ಬೆರಳು, ಎಲ್ಲವನ್ನೂ. ಹೇಳುತ್ತ ಹೇಳುತ್ತ ನನಗೆ ಸಿಟ್ಟು ಬಂದು ಒಂದೆರಡು ಮಾತು ಹೆಚ್ಚೇ ಆಡಿದೆ. ಅವನು ಗಿರಣಿಯವನು, ಗದ್ದಲದಲ್ಲಿ ಬದುಕಿದವನು, ಆದರೆ ಅಂದು ಪೂರ್ತಿ ಕೇಳಿಸಿಕೊಂಡ.

ಈಗ ಓಣಿಯ ಪ್ರತಿ ಬಾಗಿಲೂ ತನ್ನ ಮನೆಯಲ್ಲಿತ್ತು. ಯಾರಿಗೂ ನೆಮ್ಮದಿ ಇರಲಿಲ್ಲ.

ಮೊದಲು ನೆಮ್ಮದಿ ಕೆಟ್ಟದ್ದು ಗಿರಣಿಯ ನಾಯಿಗೆ. ಕುರಿಮರಿಯ ಕಿಂಡಿಯಿಂದ ನುಗ್ಗಿ ಅಭ್ಯಾಸವಾಗಿದ್ದ ಅದು ಹೊಸದಾಗಿ ಬಂದ ಎತ್ತರದ ಬಾಗಿಲಿಗೆ ದಿನಾ ಮೂತಿ ಗುದ್ದಿಕೊಂಡು, ಕೊನೆಗೆ ಸಿಟ್ಟಾಗಿ ಕುರಿ ಮನೆಗೇ ಹೋಗಿ ಮಲಗತೊಡಗಿತು. ಕುರಿಯಕ್ಕನ ಮನೆಯಲ್ಲಿ ಮೂರು ತಲೆಮಾರಿನ ಮಕ್ಕಳ ಎತ್ತರವನ್ನು ಆ ಎತ್ತರದ ಬಾಗಿಲ ಮೇಲೇ ಗೀಚಿದ್ದರು. ಈಗ ಮೊಮ್ಮಗಳು ಬೆಳೆದಳೇ ಎಂದು ನೋಡಲು ಅವಳನ್ನು ಎಳೆದುಕೊಂಡು ಗಿರಣಿ ಮನೆಗೆ ಹೋಗಬೇಕು. "ಮಗು ಅಲ್ಲಿಗೆ ಹೋಗೋದ್ರೊಳಗೆ ಇನ್ನೊಂದಿಷ್ಟು ಬೆಳೆದಿರುತ್ತೆ" ಎಂದು ಗೊಣಗಿದಳು. ಇನ್ನು ಸದ್ದು. ಯಾರು ಮನೆಗೆ ಬಂದರೆಂದು ನಾವೆಲ್ಲ ಬಾಗಿಲಿನ ಕಿರ್‌ರೆಂಬ ಸದ್ದಿನಿಂದಲೇ ತಿಳಿಯುವವರು. ಈಗ ಮೆತ್ತಗೆ, ಸದ್ದಿಲ್ಲದೆ, ಎಣ್ಣೆ ಹಚ್ಚಿದಂತೆ ತಿರುಗುವ ಬಾಗಿಲುಗಳು. ಗಿರಣಿ ದೊಡ್ಡಮ್ಮ ತಿರುಗಿ ನೋಡಿದರೆ ಗಂಡ ಹಿಂದೆಯೇ ನಿಂತಿರುತ್ತಿದ್ದ. "ಕಳ್ಳನ ಹಾಗೆ ಬರ್ತೀರಲ್ರೀ, ನನ್ನ ಜೀವ ಹೋಗುತ್ತೆ!"

ಒಂದು ಬೆಳಿಗ್ಗೆ ಹಾಲು ಕರೆದು ಹೊರಗೆ ಬಂದಾಗ ದೊಡ್ಡಮ್ಮನೂ ಕುರಿಯಕ್ಕನೂ ಎರಡು ಬಾಗಿಲುಗಳನ್ನು ಓಣಿಯ ನಡುವೆ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಒಟ್ಟಿಗೆ "ತೊಳೆಯೋಕೆ" ಎಂದರು. ಸಂಜೆಯೊಳಗೆ ಇಡೀ ಓಣಿಗೆ ಬಾಗಿಲು ತೊಳೆಯುವ ಹುಚ್ಚು ಹಿಡಿಯಿತು. ಅತ್ತೆಯನ್ನು ಯಾರೂ ನೇರವಾಗಿ ಕರೆಯಲಿಲ್ಲ. "ಆ ಹಳೇ ಪಟ್ಟಿ ಇದ್ಯಾ ಅತ್ತೆ? ಸುಮ್ನೆ ಕೇಳ್ದೆ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಒಬ್ಬೊಬ್ಬರೇ ಬಂದರು. ಅವಳು ಪಟ್ಟಿಗಳನ್ನೆಲ್ಲ ಕಟ್ಟು ಕಟ್ಟಿ ಇಟ್ಟಿದ್ದಳು. ಒಂದೂ ಬಿಸಾಕಿರಲಿಲ್ಲ. ಬೈಯುತ್ತ, ನಗುತ್ತ, ಎಲ್ಲವನ್ನೂ ಮತ್ತೆ ಹೊಡೆದುಕೊಟ್ಟಳು.

ಇಲಾಖೆಯ ಮೇಡಂ ಬಂದಾಗ ಬಾಗಿಲುಗಳೆಲ್ಲ ಹಿಂದಿನ ಹಾಗೇ ತಪ್ಪು ತಪ್ಪಾಗಿ ನಿಂತಿದ್ದವು. ನಾವೆಲ್ಲ ಹೋಂವರ್ಕು ಮಾಡದ ಮಕ್ಕಳಂತೆ ಕಣದಲ್ಲಿ ಸಾಲಾಗಿ ನಿಂತಿದ್ದೆವು. ಅವರು ಈ ಸಲ ತಲೆ ಬಗ್ಗಿಸಿಯೇ ಕುರಿ ಮನೆ ಹೊಕ್ಕರು, ಬಾಗಿಲ ಮೇಲಿನ ಗೀಚುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು, ಹೊಸ್ತಿಲಿನ ಎರಡೆರಡು ಕುಳಿಗಳ ಫೋಟೋ ತೆಗೆದರು, ಎಲ್ಲ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. "ಇಷ್ಟು ವರ್ಷ ಹೀಗೇ ಇದ್ದ ಮೇಲೆ ಇದೇ ನಿಮ್ಮ ಮೂಲ ರೂಪ. ಹೀಗೇ ಬರೀತೀನಿ" ಎಂದರು. ಆಮೇಲೆ ಕಣಜದ ಮೆಟ್ಟಿಲ ಮುಂದೆ ನಿಂತರು. "ಆದ್ರೆ ಇದಕ್ಕೆ?"

ಕಣಜದ ಬಾಯಿ ಹಾ ಎಂದು ತೆರೆದಿತ್ತು. ಅದರ ಬಾಗಿಲನ್ನು ಅತ್ತೆ ತನ್ನ ಮನೆಗೆ ವಾಪಸು ತೆಗೆದುಕೊಂಡಿದ್ದಳು, ಅದು ಕಿರ್‌ರೆನ್ನದಿದ್ದರೆ ಅವಳಿಗೂ ನಿದ್ದೆ ಬರುತ್ತಿರಲಿಲ್ಲ. ಆದರೆ ಗಾಡಿ ಹಲಗೆ ಎಲ್ಲಿ? ಎಲ್ಲರೂ ಗಿರಣಿಯ ಕಡೆ ನೋಡಿದರು. ಬೆಂಚು ಕಳೆದುಕೊಂಡ ದೊಡ್ಡಪ್ಪ ಆ ಹಲಗೆಯನ್ನೇ ಕಲ್ಲಿನ ಮೇಲೆ ಹಾಕಿ ಹೊಸ ಬೆಂಚು ಮಾಡಿಕೊಂಡು ಅದರ ಮೇಲೆ ಕೂತಿದ್ದ.

"ಅಣ್ಣಾ, ನಿನ್ನ ಹಳೇ ಬೆಂಚು ನನ್ನ ಜಗಲೀಲಿದೆ. ತಗೊಂಡು, ಅದನ್ನ ಕೊಡು," ಎಂದಳು ಅತ್ತೆ. ದನಿಯಲ್ಲಿ ಆಸೆಯೇನೂ ಇರಲಿಲ್ಲ. ಸೋತವರ ದನಿ ಅದು, ನನಗೆ ಕೇಳಲಾಗಲಿಲ್ಲ.

"ಕೊಡಲ್ಲ," ಎಂದ ದೊಡ್ಡಪ್ಪ. "ಗಾಡಿ ನಮ್ಮದು, ಹಲಗೆ ನಮ್ಮದು. ಸೊಂಟಕ್ಕೆ ಹಿತವಾಗಿದೆ."

"ಹಾಗಾದ್ರೆ ನನ್ನ ಜಗಲೀಲಿರೋ ಆ ಚಿಕ್ಕ ಬಾಗಿಲಿಗೇ ಪಟ್ಟಿ ಹೊಡೆದು..."

"ಅಷ್ಟು ಸಣ್ಣ ಬಾಗಿಲಿಗೆ ಅಷ್ಟು ದೊಡ್ಡ ಪಟ್ಟೀನಾ? ಮೂಗಿಗಿಂತ ಮೂಗುತಿ ಭಾರ!" ಅವನು ಎದ್ದು ನಿಂತ. ಓಣಿಗೆಲ್ಲ ಕೇಳಿಸುವಂತೆ ಹೇಳಿದ, "ಹೊಸದು ಮಾಡು ತಂಗಿ. ಬಿತ್ತನೆ ಬೀಜ ಇಡೋ ಜಾಗ, ಪೂರಾ ಹೊಸದೇ ಆಗ್ಬೇಕು. ಹಳೇ ಹಲಗೆ ತಂದು ಒರಗಿಸಿದ್ರೆ ನಾನು ಉಸ್ತುವಾರಿ ಬಿಡ್ತೀನಿ."

ಅತ್ತೆ ಅವನನ್ನೇ ನೋಡಿದಳು. ಮೂಗಿನ ತುದಿ ನಿಧಾನವಾಗಿ ಕೆಂಪಾಯಿತು. "ನಿನ್ನ ಅಪ್ಪಣೆಗೆ ಯಾರು ಕಾದಿದ್ರು?" ಎಂದು ಹೇಳಿ ಮನೆ ಕಡೆ ಓಡಿದಳು. ಆ ವಯಸ್ಸಿನಲ್ಲಿ ಓಡಿದಳು! ನಾನು ಬೆನ್ನಟ್ಟಿ ಹೋಗುವಷ್ಟರಲ್ಲಿ ಹಾಸಿಗೆ ಕಿತ್ತು ಮೂಲೆಗೆಸೆದು ಹಲಗೆಗಳನ್ನು ಅಂಗಳಕ್ಕೆ ಎಳೆಯುತ್ತಿದ್ದಳು.

ಆ ಬಾಗಿಲು ಆಗುವವರೆಗೂ ಅತ್ತೆ ನಮ್ಮ ಮನೆಯಲ್ಲಿ ಮಲಗಿದಳು, ಬೆಳಗಾಗುವ ಮುಂಚೆ ನನ್ನ ಒಲೆಯ ಬಿಸಿನೀರಿನಲ್ಲಿ ಹೆಬ್ಬೆರಳು ಅದ್ದಿಕೊಂಡು ಕೂತಳು. ಗಿರಣಿಯ ಬೆಂಚಾಗಿದ್ದ ಹಳೆಯ ಬಾಗಿಲು ಅವಳ ಕೆಲಸದ ಮೇಜಾಯಿತು. ಯಾರಿಗೂ ಮುಟ್ಟಲು ಬಿಡಲಿಲ್ಲ. ಹತ್ತಿರ ಬಂದವರನ್ನು ಗರಗಸ ತೋರಿಸಿ ಓಡಿಸಿದಳು. ಮುಗಿದಾಗ ಅದರಲ್ಲಿ ಕೆತ್ತನೆಯಿರಲಿಲ್ಲ, ಬಣ್ಣವಿರಲಿಲ್ಲ. ಜೇನಿನಂಥ ಮೈಬಣ್ಣ, ಸಂದು ಎಲ್ಲಿದೆ ಎಂದು ಬೆರಳಿಗೂ ಸಿಗದ ಜೋಡಣೆ. ಕಣಜದ ಕುಳಿಗೆ ಇಳಿಸಿ ಕಿರುಬೆರಳಿನಿಂದ ತಳ್ಳಿದಳು. ಬಾಗಿಲು ತಿರುಗಿತು. ನಾವೆಲ್ಲ ಕೂಗಿ, ಕುಣಿದು, ಅವಳನ್ನು ಅಪ್ಪಿಕೊಂಡೆವು. ನಾನು ಅತ್ತುಬಿಟ್ಟೆ, ನಿಜ ಹೇಳಲು ನಾಚಿಕೆಯಿಲ್ಲ. ದೊಡ್ಡಪ್ಪ ಮಾತ್ರ ಬಂದು, ಹಿಟ್ಟಿನ ಕೈಯಿಂದ ಒಮ್ಮೆ ತೆರೆದು ಒಮ್ಮೆ ಮುಚ್ಚಿ, "ಹ್ಞೂಂ, ತಿರುಗುತ್ತೆ" ಎಂದು ಹೋದ.

ಅತ್ತೆ ದಿನಾ ಸಂಜೆ ಅದನ್ನು ನೋಡಲು ಹೋಗುತ್ತಿದ್ದಳು. ಆದರೆ ಹಿಗ್ಗಿನ ಜೊತೆಗೆ ಒಂದು ಸಣ್ಣ ಮುಜುಗರವೂ ಅವಳಿಗಿತ್ತೆಂದು ಕಾಣುತ್ತದೆ. "ಎಲ್ಲಾ ಬಾಗಿಲುಗಳ ನಡುವೆ ಇದೊಂದೇ ನೆಂಟರ ಮನೆ ಹುಡುಗಿ ಹಾಗೆ ನೆಟ್ಟಗೆ ನಿಂತಿದೆ ಕಣೇ" ಎಂದಿದ್ದಳು ಒಮ್ಮೆ.

ಸುಗ್ಗಿ ಬಂತು. ಬೀಜ ಒಣಗಿಸುವ ವಾರ ಬಂತು. ಬಾಗಿಲುಗಳೆಲ್ಲ ಕಣಕ್ಕೆ ಬಂದವು, ಅತ್ತೆ ಮಾಡಿದ ಹೊಸದೂ ಬಂತು. ಮೊದಲ ಬೀಜ ಅದರ ಮೇಲೇ ಹರಡಿದರು. ದಿನವೆಲ್ಲ ಸುಡು ಬಿಸಿಲು, ಆಕಾಶದಲ್ಲಿ ಹತ್ತಿಯಷ್ಟು ಮೋಡವಿಲ್ಲ. ಸಂಜೆ ನಿಧಾನವಾಗಿ, ಹರಟೆ ಹೊಡೆಯುತ್ತ, ಅವರವರು ಬಾಗಿಲು ಹೊತ್ತು ಮನೆಗೆ ಹೋದರು. ಕತ್ತಲಾಗುವ ಮುಂಚೆ ಅತ್ತೆ ಎಂದಿನಂತೆ ಕಣಜದ ಕಡೆ ಹೋದವಳು ಅಲ್ಲಿಂದಲೇ ನನ್ನನ್ನು ಕೂಗಿದಳು. ಕಣಜಕ್ಕೆ ಗಿರಣಿ ಮನೆಯ ಗಿಡ್ಡ ಬಾಗಿಲು ಒರಗಿಕೊಂಡಿತ್ತು, ಕುರಿಮರಿಯ ಕಿಂಡಿಯ ಸಮೇತ.

ಇಬ್ಬರೂ ಗಿರಣಿಗೆ ಹೋದೆವು. ಆ ಲಂಬೂ ಚೌಕಟ್ಟಿನಲ್ಲಿ ಅತ್ತೆಯ ಜೇನುಬಣ್ಣದ ಬಾಗಿಲು ಸೊಟ್ಟಗೆ ನೇತಾಡುತ್ತಿತ್ತು. ಮೇಲೆ ಬೆಕ್ಕು ನುಗ್ಗುವಷ್ಟು ಸಂದು, ನುಗ್ಗಿದ ಬೆಕ್ಕು ಅಲ್ಲೇ ಬಾಗಿಲ ತಲೆಯ ಮೇಲೆ ಕೂತಿತ್ತು. ದೊಡ್ಡಪ್ಪ ಬೆಂಚಿನ ಮೇಲೆ ಕೂತು ಆಕಾಶ ನೋಡುತ್ತಿದ್ದ.

"ಏನಣ್ಣಾ ಇದು?"

"ಗಡಿಬಿಡೀಲಿ ತಪ್ಪಿ ಬಂದ್ಬಿಡ್ತು ತಂಗಿ. ಮಳೆ ನೋಡು."

"ಎಲ್ಲಿದೆ ಮಳೆ?"

"ಬಂದಿದ್ರೆ?"

ಒಳಗಿನಿಂದ ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುವುದು ಆ ಸಂದಿನಿಂದಲೇ ಕಾಣುತ್ತಿತ್ತು. ಅತ್ತೆ ಬಹಳ ಹೊತ್ತು ತನ್ನ ಬಾಗಿಲನ್ನು ನೋಡಿದಳು. ಅಷ್ಟು ಅಳತೆ ಮಾಡಿ, ಹೆಬ್ಬೆರಳು ನೋಯಿಸಿಕೊಂಡು ಮಾಡಿದ್ದು, ಈಗ ಓಣಿಯ ಬೇರೆಲ್ಲ ಬಾಗಿಲುಗಳ ಹಾಗೇ ತನ್ನದಲ್ಲದ ಚೌಕಟ್ಟಿನಲ್ಲಿ ಸೊಟ್ಟಗೆ ನಿಂತಿತ್ತು. ಅವಳು ಬೈಯುತ್ತಾಳೆಂದು ನಾನು ಕಾದೆ. ಅವಳು ಹತ್ತಿರ ಹೋಗಿ ಅದನ್ನು ಒಮ್ಮೆ ತೆರೆದಳು, ಒಮ್ಮೆ ಮುಚ್ಚಿದಳು. ಅದು ಹೊಸ್ತಿಲಿಗೆ ಉಜ್ಜಿ, ಮೊಟ್ಟಮೊದಲ ಬಾರಿಗೆ ಕಿರ್‌ರೆಂದಿತು.

"ಯಾರ ಮೇಲೆ ಸಿಟ್ಟು?" ಎಂದು ಬಾಗಿಲನ್ನು ಕೇಳಿದಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ ಹೇಳಿದಳು, "ಹೋಗೇ, ನನ್ನ ಚೀಲ ತಗೊಂಡ್ ಬಾ. ಬರ್ತಾ ಒಂದು ಪಟ್ಟೀನೂ ತಾ."